ಕಬ್ಬಿಣದ ಕೈಗೆ ಮೂಡಲು ಯಾವುದು

೯ ಜನವರಿ ೧೯೭೮, ಸೋಮವಾರ

ಹೊಸ ವರ್ಷಕ್ಕೆ ನಮ್ಮ ಎರಕದ ಕಾರ್ಖಾನೆಯ ಧಣಿ ಅಜ್ಜಪ್ಪನವರು ಎಲ್ಲ ಮೇಸ್ತ್ರಿಗಳಿಗೂ ಒಂದೊಂದು ಡೈರಿ ಕೊಟ್ಟರು. ಎಲ್ಲ ಮೇಸ್ತ್ರಿಗಳು ಅಂದರೆ ನಾನೊಬ್ಬನೇ. ಮತ್ತೋಡಿನ ಶಾಲೆಯಲ್ಲಿ ಏಳನೇ ಕ್ಲಾಸು ಓದಿದ ಈ ಸಣ್ಣತಿಮ್ಮಪ್ಪ ಇದರಲ್ಲಿ ಏನಾದರೂ ಬರೆದಾನು ಎಂದು ಅವರೂ ಅಂದುಕೊಂಡಿರಲಿಕ್ಕಿಲ್ಲ. ನಾನೂ ಅಂದುಕೊಂಡಿರಲಿಲ್ಲ. ಆದರೆ ನಿನ್ನೆಯಿಂದ ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ. ಬಾಯಿ ಸುಮ್ಮನಿದ್ದರೆ ನನಗೆ ತಲೆ ಕೆಟ್ಟುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟೆ. ಹುಲಿಗೆಮ್ಮ ನನ್ನ ಹೆಂಡತಿ. ಅದೇ ಕಾರ್ಖಾನೆಯಲ್ಲಿ ಅಚ್ಚಿನ ಮರಳು ಜರಡಿ ಹಿಡಿಯುತ್ತಾಳೆ. ನಿನ್ನೆ ಭಾನುವಾರ, ಅಂಗಳದಲ್ಲಿ ಅವಳ ಜೊತೆ ಜರಡಿ ಹಿಡಿಯುವ ಅಕ್ಕಪಕ್ಕದ ಹೆಂಗಸರು ಕೂತಿದ್ದಾಗ, "ಬಲಗೈ ತೋಳಿಗೆ ಏನಾಗೈತ್ರಿ?" ಎಂದು ಕೇಳಿದಳು. ಎಲ್ಲರೆದುರಿಗೆ! ನಾನು, "ನನ್ನ ತೋಳಿಗೇನಾಗೈತೆ? ಗುಂಡುಕಲ್ಲು ಇದ್ದಂಗೈತೆ. ಜರಡಿ ಹಿಡಿಯೋಳು ಜರಡಿ ನೋಡ್ಕ ಹೋಗು" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಅವಳು ಎದ್ದು ಒಳಗೆ ಹೋದಳು. ಆಮೇಲಿಂದ ಒಂದೇ ಒಂದು ಮಾತಿಲ್ಲ.

ತೋಳಿಗೆ ನಿಜವಾಗಿಯೂ ಏನೂ ಆಗಿಲ್ಲ. ಸೊಂಟದಿಂದ ಮೇಲಕ್ಕೆ ಏಳುವುದಿಲ್ಲ, ಅಷ್ಟೆ.

ರಾತ್ರಿ ಊಟದ ಹೊತ್ತಿಗೆ ಅಂಗಳದ ಮೇಕೆಗೆ ಹೇಳಿದಳು: "ಮುದ್ದೆ ಆಗೈತೆ. ಉಣ್ಣೋರು ಬಂದು ಉಣ್ಲಿ." ಮೇಕೆ ನನ್ನ ಮುಖ ನೋಡಿತು.

೧೧ ಜನವರಿ, ಬುಧವಾರ

ಇವತ್ತು ಕಾರ್ಖಾನೆಗೆ ಲಾರಿಯಲ್ಲಿ ಒಂದು ಕೈ ಬಂತು.

ಹೌದು, ಕೈ. ಕಬ್ಬಿಣದ್ದು. ಭುಜ, ಮೊಣಕೈ, ಮಣಿಕಟ್ಟು, ಕೊನೆಗೆ ಇಕ್ಕಳದಂಥ ಎರಡು ಬೆರಳು. ಹಳೇ ಟ್ರ್ಯಾಕ್ಟರಿನ ಜಾಕುಗಳನ್ನೆಲ್ಲ ಕಿತ್ತು ಮಾಡಿದ್ದಂತೆ. ಜೊತೆಗೆ ಬೆಂಗಳೂರಿನಿಂದ ಒಬ್ಬ ಎಂಜಿನಿಯರು. ಹೆಸರು ಬೋರಣ್ಣ, ಊರು ನಮ್ಮ ಹೊರಕೆರೆದೇವಪುರವೇ. ಇಪ್ಪತ್ತೇಳು ವರ್ಷ, ದಪ್ಪ ಕನ್ನಡಕ. ಕೈಯನ್ನು ಇಳಿಸುವಾಗ ಕೂಸನ್ನು ತೊಟ್ಟಿಲಿಂದ ಇಳಿಸಿದಂತೆ ಒದ್ದಾಡಿದ.

"ಇದು ವೈರ್‌ಲೆಸ್ಸಿನಾಗೆ ಆಡುತ್ತೆ ಮೇಸ್ತ್ರಿ. ನೀವು ದುರ್ಗದಾಗೆ ಕುಂತು ಹಿಡಿಕೆ ತಳ್ಳಿದ್ರೆ ಹಿರಿಯೂರಾಗೆ ಇದು ಮೂಸೆ ಎತ್ತಿ ಎರಕ ಹುಯ್ಯುತ್ತೆ" ಅಂದ.

ನಮ್ಮ ಹಿರಿಯೂರಿನಿಂದ ಚಿತ್ರದುರ್ಗ ಇಪ್ಪತ್ತೈದು ಮೈಲಿ! ನಾನು ಕೇಳಿದೆ, "ದುರ್ಗದಾಗೆ ಯಾಕಪ್ಪ ಕುಂತ್ಕಬೇಕು? ನಾನು ಇಲ್ಲೇ ಇದ್ದೀನಲ್ಲ?"

ಮನುಷ್ಯರು ಹತ್ತಿರ ಸುಳಿಯಬಾರದ ಕಡೆಗೆ ಬೇಕಾದೀತು ಅಂದ. ಮುಂದೆ ಸಿಡಿಮದ್ದಿನ ಕಾರ್ಖಾನೆ, ವಿಷದ ಕಾರ್ಖಾನೆ ಎಂದೆಲ್ಲ ಏನೇನೋ ಹೇಳಿದ.

೧೨ ಜನವರಿ

ಮೇಕೆಯ ಮೂಲಕ ತಿಳಿದುಬಂದದ್ದು: ಸೀಮೆಎಣ್ಣೆ ಮುಗಿದಿದೆ.

೧೬ ಜನವರಿ, ಸೋಮವಾರ

ಧಣಿಗಳು ಕರೆಸಿದ್ದರು. ಮೂಸೆ ಅಂದರೆ ಕರಗಿದ ಕಬ್ಬಿಣ ತುಂಬುವ ಮಡಕೆ. ಅದನ್ನು ಹದಿನೆಂಟು ವರ್ಷದಿಂದ ಕುಲುಮೆಯಿಂದ ಎತ್ತಿ ಅಚ್ಚಿಗೆ ಹುಯ್ಯಿಸುವವನು ನಾನು. ಉದ್ದದ ಸರಳಿನ ಒಂದು ತುದಿ ನನ್ನದು, ಇನ್ನೊಂದು ತುದಿ ನನ್ನ ಕೈಕೆಳಗಿನ ಆಳು ಸಣ್ಣಪ್ಪನದು. ಇತ್ತೀಚೆಗೆ ಈ ಸಣ್ಣಪ್ಪನಿಗೆ ಉಮೇದು ಜಾಸ್ತಿಯಾಗಿದೆ. ನಾನು ಸರಳಿಗೆ ಕೈ ಹಾಕುವುದರೊಳಗೆ ಬೇರೆ ಯಾರನ್ನಾದರೂ ಕರೆದು, "ನೀನು ಹಿಡಿಯಪ್ಪ, ಮೇಸ್ತ್ರಿ ಅಚ್ಚು ನೋಡ್ಲಿ" ಅನ್ನುತ್ತಾನೆ. ನನ್ನ ಜಾಗದ ಮೇಲೆ ಕಣ್ಣು ಹಾಕಿದ್ದಾನೆ, ಬೇರೇನಲ್ಲ. ನಾನೂ ಜಾಣ. ಅಚ್ಚು ನೋಡುವ ನೆಪದಲ್ಲಿ ದೂರ ನಿಂತುಬಿಡುತ್ತೇನೆ.

ಧಣಿಗಳು ಹೇಳಿದ್ದು: ಫೆಬ್ರವರಿ ಹತ್ತಕ್ಕೆ ದುರ್ಗದ ಐ.ಬಿ.ಯಲ್ಲಿ, ಅಂದರೆ ಸಾಹೇಬರುಗಳು ಇಳಿದುಕೊಳ್ಳುವ ಬಂಗಲೆಯಲ್ಲಿ, ಅಧಿಕಾರಿಗಳೆದುರು ಈ ಕೈಯ ಪರೀಕ್ಷೆ. "ಕಬ್ಬಿಣದ ಹದ ಗೊತ್ತಿರೋನು ನೀನೊಬ್ನೇ ಸಣ್ಣತಿಮ್ಮಪ್ಪ. ಇದನ್ನ ಆಡಿಸೋದು ಕಲ್ತರೆ ನೀನೇ ಇದರ ಮೇಸ್ತ್ರಿ. ಆಗ್ಲಿಲ್ಲಾಂದ್ರೆ ಗೇಟಿನ ಹತ್ರ ಒಂದು ಕುರ್ಚಿ ಹಾಕಿಸ್ತೀನಿ, ವಯಸ್ಸಾತು, ಆರಾಮಾಗಿರು."

ಗೇಟಿನ ಹತ್ತಿರ ಕುರ್ಚಿ! ನಾಯಿ ಓಡಿಸಿಕೊಂಡು ಕೂರುವ ಕೆಲಸ. ನನಗೆ ಇನ್ನೂ ನಲವತ್ತೆಂಟು. "ಕಲೀತೀನಿ ಧಣಿ" ಅಂದೆ.

ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಮನೆಗೆ ಬಂದೆ. ಮೇಕೆಗೆ ಹೇಳಲು ನನಗೇನು ಹುಚ್ಚೇ?

(ಹೇಳಿದೆ. ಒಳಗೆ ಪಾತ್ರೆಯ ಸದ್ದು ನಿಂತಿತು.)

೨೦ ಜನವರಿ, ಶುಕ್ರವಾರ

ಹಿಡಿಕೆಗಳ ಪೆಟ್ಟಿಗೆ ನನಗೆ ಬಹಳ ಒಪ್ಪಿದೆ. ಮೇಜಿನ ಮೇಲೆ ಇಟ್ಟುಕೊಂಡರೆ ತೋಳೆತ್ತುವ ಮಾತೇ ಇಲ್ಲ, ಮಣಿಕಟ್ಟು ಆಡಿಸಿದರೆ ಸಾಕು. ಒಂದು ಹಿಡಿಕೆ ಮೇಲೆ ಕೆಳಗೆ, ಇನ್ನೊಂದು ಆ ಪಕ್ಕ ಈ ಪಕ್ಕ, ಮೂರನೆಯದು ಹಿಡಿಯಲು, ಬಗ್ಗಿಸಲು. ಕೈಬಿಟ್ಟರೆ ಯಂತ್ರ ಇದ್ದಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಮಾತಾಡುವ ಸೆಟ್ಟು. ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರ ಮಾತು ಬರುತ್ತದೆ. ಎರಡು ತುದಿಗೂ ಎಲ್ಲರಿಗೆ ಕೇಳುವ ಹಾಗೆ ಸ್ಪೀಕರು.

ಇವತ್ತು ಮೂಸೆಗೆ ನೀರು ತುಂಬಿ ಪರೀಕ್ಷೆ. ದುರ್ಗದಲ್ಲಿ ಕೂತವನಿಗೆ ಇಲ್ಲಿಯದು ಕಾಣುವುದಿಲ್ಲವಾದ್ದರಿಂದ ನನ್ನನ್ನು ಆಫೀಸಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ಗುಮಾಸ್ತ ದಾಸಣ್ಣ ಕಬ್ಬಿಣದ ಕೈ ಎದುರು ನಿಂತು ಹೇಳಬೇಕು, ನಾನು ಆಡಿಸಬೇಕು.

"ಎಡಕ್ಕೆ" ಅಂದ. ಎಡಕ್ಕೆ ತಳ್ಳಿದೆ.

"ಎಡಕ್ಕೆ ಅಂದ್ರೆ ಎಡಕ್ಕೆ!" ಅಂದ. ಇನ್ನೂ ತಳ್ಳಿದೆ.

"ಅಯ್ಯೋ, ನನ್ನ ಎಡಕ್ಕೆ ಕಣ್ರಿ!" ಅಂದ. ಅವನು ಕೈಗೆ ಎದುರುಮುಖ ನಿಂತಿದ್ದಾನೆ, ಅವನ ಎಡ ಅದರ ಬಲ. ಇದು ತಿಳಿಯುವುದರೊಳಗೆ ಅವನು, "ಹುಯ್ಯಿರಿ, ಬ್ಯಾಡ, ಹುಯ್ಯಿರಿ ಅಂದಿಲ್ಲ" ಎಂದು ಏನೇನೋ ಕೂಗಿದ. ನಾನು ಹುಯ್ದೆ. ಮೂಸೆಯ ನೀರೆಲ್ಲ ದಾಸಣ್ಣನ ಹಾಜರಿ ಪುಸ್ತಕದ ಮೇಲೆ ಬಿತ್ತು. ತಿಂಗಳಿಡೀ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಎಂಬುದು ಈಗ ದೇವರಿಗೇ ಗೊತ್ತು. ಆಳುಗಳು ಬಹಳ ಸಂತೋಷಪಟ್ಟರು.

೨೧ ಜನವರಿ, ಶನಿವಾರ

ಇವತ್ತು ಮತ್ತೆ ಅದೇ ಗೋಳು. ಎಡ, ಬಲ, ನನ್ನೆಡ, ನಿಮ್ಮೆಡ. ಬೋರಣ್ಣ ತಾನೇ ನಿಂತು ಹೇಳಿದ, ಅವನದೂ ತಿರುವುಮುರುವು. ಕೊನೆಗೆ ಸ್ಪೀಕರಿನಲ್ಲಿ ದೂರದಿಂದ ಒಂದು ಹೆಂಗಸಿನ ದನಿ:

"ಥೂ ನಿಮ್ಮ! ಮೂಡ್ಲಿಗೆ ಎಳೀರಿ ಅಂದ್ರೆ ಆಗೋಯ್ತಲ್ಲ! ಅಚ್ಚು ಮೂಡ್ಲಾಗೈತೆ, ಕೈ ಪಡುವ್ಲಾಗೈತೆ!"

ನನ್ನ ಕೈ ತನ್ನಷ್ಟಕ್ಕೆ ಹಿಡಿಕೆಯನ್ನು ಮೂಡಲಿಗೆ ತಳ್ಳಿತು. "ಇನ್ನೊಂದು ಗೇಣು. ಸಾಕು. ಈಗ ತೆಂಕ್ಲಿಗೆ ಬಗ್ಗಿಸ್ರಿ" ಎಂದಿತು ದನಿ. ಬಗ್ಗಿಸಿದೆ. ಒಂದು ಹನಿ ಆಚೆ ಬೀಳದಂತೆ ನೀರು ಅಚ್ಚಿನೊಳಗೆ ಇಳಿಯಿತಂತೆ. ಹೊರಗೆ ಚಪ್ಪಾಳೆ.

ಯಾರ ದನಿ ಎಂದು ಬರೆಯಬೇಕಾಗಿಲ್ಲ. ಹದಿಮೂರು ದಿನ ಆಗಿತ್ತು ಕೇಳಿ. ನನಗೆ ಹೇಳಿದ್ದಲ್ಲ, ಕೈಗೆ ಹೇಳಿದ್ದು. ಆದರೂ ಎದೆ ಸ್ವಲ್ಪ ಹಗುರಾಯಿತು, ಯಾಕೋ.

೨೩ ಜನವರಿ, ಸೋಮವಾರ

ಬೋರಣ್ಣ ಹಟ ಹಿಡಿದು ಹುಲಿಗೆಮ್ಮನನ್ನೇ ಸೆಟ್ಟಿನ ಮುಂದೆ ನಿಲ್ಲಿಸಿದ. ಜರಡಿ ಹಿಡಿಯುವ ಹೆಂಗಸಿಗೆ ಇದೆಲ್ಲ ಏನು ತಿಳಿದೀತು ಎಂದು ನಾನು ಗೊಣಗಿದೆ. ಅದಕ್ಕವನು, "ಮೇಸ್ತ್ರಿ, ನಮ್ಮ ಕಾಲೇಜಿನಾಗೆ ಐದು ವರ್ಷ ಓದಿ ನಾನು ಮಾಡಿದ ತಪ್ಪನ್ನ ಆಯಮ್ಮ ಒಂದೇ ಗಳಿಗೆಯಾಗೆ ಸರಿ ಮಾಡಿದ್ರು" ಅಂದ.

ಅವಳ ತವರು ಧರ್ಮಪುರದ ಕಡೆಯ ಹಟ್ಟಿ. ಚಿಕ್ಕಂದಿನಲ್ಲಿ ಒಂದು ಗುಡ್ಡದ ಮೇಲೆ ಇವಳು, ಆಚೆ ಗುಡ್ಡದ ಕೆಳಗೆ ಕುರಿಯ ಜೊತೆ ಇವಳ ಅಣ್ಣ. ಇಲ್ಲಿಂದ ಕೂಗಿ ಕೂಗಿ ಕುರಿ ತಿರುಗಿಸುತ್ತಿದ್ದರಂತೆ. ಎಡಬಲ ಹೇಳಿದರೆ ಯಾರ ಎಡ, ಯಾರ ಬಲ? ಅದಕ್ಕೆ ಮೂಡಲು ಪಡುವಲು, ತೆಂಕಲು ಬಡಗಲು, ಅಂದರೆ ಪೂರ್ವ ಪಶ್ಚಿಮ, ದಕ್ಷಿಣ ಉತ್ತರ. ನಮ್ಮ ಕಡೆಯೂ ಹಾಗೇ. ಎಲೆಯಲ್ಲಿ ಚಟ್ನಿ ಯಾವ ಕಡೆ ಬಡಿಸಿದ್ದೀಯ ಅಂದರೂ ಪಡುವಲ ಕಡೆ ಅನ್ನುವವರು ನಾವು.

ವೈರ್‌ಲೆಸ್ ಕಟ್ಟಳೆಯ ಪ್ರಕಾರ ಮೊದಲು ಎದುರಿನವರ ಹೆಸರು ಕರೆಯಬೇಕಂತೆ. ಹುಲಿಗೆಮ್ಮ ಕೆನ್ನೆಗೆ ಕೈಯಿಟ್ಟು, "ಗಂಡನ ಹೆಸ್ರು ಹೇಳ್ತಾರೇನಪ್ಪ ಯಾರಾದ್ರೂ?" ಅಂದಳು. ಬೋರಣ್ಣ ತಲೆ ಕೆರೆದುಕೊಂಡು ನನಗೆ "ದುರ್ಗ" ಎಂದೂ ಅವಳಿಗೆ "ಹಿರಿಯೂರು" ಎಂದೂ ಹೆಸರಿಟ್ಟ.

ಹೀಗೆ ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ನನ್ನ ಹೆಂಡತಿ ನನ್ನನ್ನು ದುರ್ಗ ಎಂದು ಕರೆದಳು. "ಏ ದುರ್ಗ, ಕೇಳುಸ್ತೈತಾ?"

"ಕೇಳುಸ್ತೈತೆ" ಅಂದೆ.

ಮನೆಗೆ ಬಂದರೆ ಮತ್ತೆ ಮೇಕೆ.

೨೭ ಜನವರಿ, ಶುಕ್ರವಾರ

ದಿನಾ ಎರಡು ತಾಸು ಅಭ್ಯಾಸ. ಪೆಟ್ಟಿಗೆಯ ಮೇಲೆ ಬೋರಣ್ಣ ಎಡ, ಬಲ ಎಂದು ಬಣ್ಣದಲ್ಲಿ ಬರೆದಿದ್ದಾನೆ. ನಾನು ಅದನ್ನು ನೋಡುವುದೇ ಇಲ್ಲ. ಅವಳು ಮೂಡ್ಲಿಗೆ ಅಂದರೆ ನನ್ನ ಕೈ ಸೂರ್ಯ ಹುಟ್ಟುವ ಕಡೆಗೆ ಹೋಗುತ್ತದೆ. ಅದಕ್ಕೇನು ಓದಬೇಕೆ?

ಇವತ್ತು ಅಭ್ಯಾಸ ಮುಗಿದ ಮೇಲೆ ಅವಳು ಸೆಟ್ಟು ಬಿಟ್ಟು ಹೋಗಲಿಲ್ಲ. "ಮತ್ತೋಡಿನಿಂದ ಮಗಳ ಕಾಗದ ಬಂದೈತೆ. ಮಗೂಗೆ ಹಲ್ಲು ಬಂದಾವಂತೆ" ಅಂದಳು.

"ಎಷ್ಟು?" ಅಂದೆ.

"ಎರಡು. ಕೆಳಗಿನವು."

"ಕಾಗದ ಯಾವಾಗ ಬಂತು?"

"ಮೊನ್ನೆ. ಮೇಕೆಗೆ ಹೇಳಿದ್ದೆ, ನೀವು ಕೇಳಿಸ್ಕಳ್ಳಿಲ್ಲ."

ಗೋಡೆಯಾಚೆ, ಹದಿನೈದು ಮಾರು ದೂರದಲ್ಲಿ ನಿಂತಿದ್ದಾಳೆ. ಗುಂಡಿ ಒತ್ತಿದರೆ ನಾನು, ಬಿಟ್ಟರೆ ಅವಳು. ಇಬ್ಬರೂ ಒಟ್ಟಿಗೆ ಮಾತಾಡಲು ಬರುವುದಿಲ್ಲವಾದ್ದರಿಂದ ಒಬ್ಬರದು ಮುಗಿಯುವವರೆಗೆ ಇನ್ನೊಬ್ಬರು ಕೇಳಲೇಬೇಕು. ಈ ಯಂತ್ರ ಕಂಡುಹಿಡಿದವನಿಗೆ ಹೆಂಡತಿ ಇದ್ದಿರಬೇಕು. ಹೊರಗೆ ಕೆಲಸಗಾರರೆಲ್ಲ ಸ್ಪೀಕರಿನ ಕೆಳಗೆ ಬೀಡಿ ಸೇದುತ್ತ ಕೇಳುತ್ತಿದ್ದರಂತೆ. ಕೇಳಲಿ, ನನಗೇನು?

೩ ಫೆಬ್ರವರಿ, ಶುಕ್ರವಾರ

ನೀರು ಬಿಟ್ಟು ಇವತ್ತು ನಿಜವಾದ ಕಬ್ಬಿಣ. ಪಂಪಿನ ಹಿಡಿಕೆಗಳ ಆರು ಅಚ್ಚು. ಆರಕ್ಕೆ ಆರೂ ತುಂಬಿದವು. ಸಣ್ಣಪ್ಪ ಕುಣಿದುಬಿಟ್ಟ. ಧಣಿಗಳು ನನ್ನ ಬೆನ್ನು ತಟ್ಟಿದರು, ಬಲಭುಜದ ಮೇಲೆಯೇ. ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಅಂದುಕೊಂಡರು. ನಾನೂ ಹಾಗೇ ನಕ್ಕೆ.

ಹುಲಿಗೆಮ್ಮ ನಗಲಿಲ್ಲ. ದೂರದಿಂದ ನನ್ನನ್ನೇ ನೋಡುತ್ತಿದ್ದಳು. ಸಂಜೆ ಸೆಟ್ಟಿನಲ್ಲಿ ಏನೋ ಕೇಳಲು ಗುಂಡಿ ಒತ್ತಿದಳು, ಉಸಿರಾಡುವುದು ಕೇಳಿಸಿತು, ಮತ್ತೆ ಬಿಟ್ಟಳು. "ಏನು?" ಅಂದೆ. "ಏನಿಲ್ಲ" ಅಂದಳು.

೯ ಫೆಬ್ರವರಿ, ಗುರುವಾರ, ದುರ್ಗ

ಬಸ್ಸಿನಲ್ಲಿ ದುರ್ಗಕ್ಕೆ ಬಂದು ಧಣಿಗಳ ನೆಂಟರ ಮನೆಯಲ್ಲಿ ಇಳಿದುಕೊಂಡಿದ್ದೇನೆ. ಜೋಗಿಮಟ್ಟಿಯ ಮೇಲೆ ಬೋರಣ್ಣ ಕಂಬ ನೆಟ್ಟು ತಂತಿ ಕಟ್ಟಿದ್ದಾನೆ. ಗಾಳಿಗೆ ಅದು ಬಾಗುತ್ತದೆಂದು ನಾಳೆ ಇಡೀ ದಿನ ಅವನು ಅಲ್ಲೇ ಇರುತ್ತಾನಂತೆ. ಪಾಪ, ಅಧಿಕಾರಿಗಳು ಅವನ ಕೈ ನೋಡುವಾಗ ಅವನು ಬೆಟ್ಟದ ಮೇಲೆ ಕಂಬ ಹಿಡಿದು ನಿಂತಿರಬೇಕು.

ಇವತ್ತು ಮನೆ ಬಿಡುವಾಗ ಹುಲಿಗೆಮ್ಮ ಬುತ್ತಿ ಕಟ್ಟಿ ಹೊಸಿಲ ಮೇಲಿಟ್ಟಿದ್ದಳು. ಮೇಕೆಗೆ ಏನೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ನಾನೂ ಏನಾದರೂ ಹೇಳಬಹುದಿತ್ತು. ಬಸ್ಸು ಐಮಂಗಲ ದಾಟಿದ ಮೇಲೆ ಏನು ಹೇಳಬೇಕಿತ್ತೆಂದು ಹೊಳೆಯಿತು.

ನಾಳೆ ಕೆಟ್ಟರೆ ಗೇಟಿನ ಕುರ್ಚಿ.

೧೦ ಫೆಬ್ರವರಿ, ಶುಕ್ರವಾರ

ಎಲ್ಲವನ್ನೂ ಬರೆಯುತ್ತೇನೆ. ಬರೆಯದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಐ.ಬಿ.ಯ ದೊಡ್ಡ ಕೋಣೆ. ಒಂಬತ್ತು ಜನ ಅಧಿಕಾರಿಗಳು, ಅವರಲ್ಲಿ ಇಬ್ಬರು ಕೋಟಿನವರು. ಅವರಿಗೆ ನನ್ನ ಮುಖ ಕಾಣಲೆಂದು ದೊಡ್ಡ ತೇಗದ ಮೇಜನ್ನು ಅವರ ಕಡೆಗೆ ತಿರುಗಿಸಿ, ಅದರ ಮೇಲೆ ಪೆಟ್ಟಿಗೆ, ಸೆಟ್ಟು, ಬ್ಯಾಟರಿ ಎಲ್ಲ ಕಟ್ಟಿ ನಿಲ್ಲಿಸಿದ್ದರು. ಬೋರಣ್ಣ ಬೆಟ್ಟದಲ್ಲಿ. ಧಣಿಗಳು ನನ್ನ ಪಕ್ಕದಲ್ಲಿ.

"ದುರ್ಗ, ದುರ್ಗ, ಹಿರಿಯೂರು ಮಾತಾಡ್ತೈತೆ. ಕಬ್ಬಿಣ ನೀರಾಗೈತೆ." ಇಪ್ಪತ್ತೈದು ಮೈಲಿಯಾಚೆಯಿಂದ ಅವಳ ದನಿ, ಪಕ್ಕದಲ್ಲೇ ಕೂತಂತೆ. ಕೋಟಿನವರೊಬ್ಬರು ಮುಂದಕ್ಕೆ ಬಾಗಿದರು.

ಇಳಿಸಿದೆ. "ಹಿಡೀತು" ಅಂದಳು. ಎತ್ತಿದೆ. "ಎದ್ದೈತೆ. ಈಗ ಮೂಡ್ಲಿಗೆ, ನಿಧಾನಕ್ಕೆ."

ಮೂಡಲಿಗೆ ತಳ್ಳಿದೆ.

ಸ್ಪೀಕರಿನಲ್ಲಿ ಜನ ಕಿರುಚಿದ್ದು ಕೇಳಿಸಿತು. "ನಿಲ್ಸ್ರಿ! ನಿಲ್ಸ್ರಿ! ಪಡುವ್ಲಿಗೆ ಬಂತು, ಜನದ ಮ್ಯಾಲೆ ಬಂತು!" ಹಿಡಿಕೆ ಬಿಟ್ಟೆ. ನಾನು ತಳ್ಳಿದ್ದು ಮೂಡಲಿಗೇ. ದೇವರಾಣೆ ಮೂಡಲಿಗೇ. ಕಿಟಕಿಯಿಂದ ಬೆಳಗಿನ ಬಿಸಿಲು ಬರುತ್ತಿದ್ದ ಕಡೆಗೇ!

ಆಮೇಲೆ ಅವಳೇ ಕೇಳಿದಳು, ಸಮಾಧಾನವಾಗಿ: "ನೀವು ಯಾವ ಕಡೆ ಮುಖ ಮಾಡಿ ಕುಂತೀರಿ?"

"ಬಡಗ್ಲಿಗೆ" ಅಂದೆ.

"ಅದೇ ಮತ್ತೆ! ಇಲ್ಲಿ ಆಫೀಸಿನಾಗೆ ತೆಂಕ್ಲಿಗೆ ಕುಂತ್ಕತಿದ್ರಿ. ಕೈಯೂ ತೆಂಕ್ಲಿಗೇ ಮುಖ ಮಾಡೈತೆ. ಪೆಟ್ಟಿಗೆ ತಿರುಗೈತೆ, ನಿಮ್ಮ ಮೂಡ್ಲು ತಿರುಗಿಲ್ಲ."

ಆಗ ಅರ್ಥವಾಯಿತು. ನನ್ನ ಕೈ ಸೂರ್ಯನನ್ನು ನೋಡಿ ತಳ್ಳಿತು. ಪೆಟ್ಟಿಗೆಗೆ ಸೂರ್ಯ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಬೋರಣ್ಣನ ಎಡ ಬಲ ಮಾತ್ರ. ಕೋಟಿನವರು, "ಉಲ್ಟಾ ತಳ್ಳಿದರೆ ಆಯಿತಲ್ಲ?" ಅಂದರು. ಹೇಳುವುದು ಸುಲಭ. ಅಲ್ಲಿ ಕಾದ ಕಬ್ಬಿಣ ಜನರ ತಲೆಯ ಹತ್ತಿರ ತೂಗುತ್ತಿದೆ. ಮೂಡಲು ಅಂದಾಗ ಪಡುವಲಿಗೆ ತಳ್ಳು ಎಂದು ನನ್ನ ಕೈಗೆ ಹೇಳಿದರೆ ಅದು ಒಂದು ಸಲ ಕೇಳೀತು, ಎರಡನೇ ಸಲ ಮರೆತೀತು. ಆ ಕೈಯನ್ನು ನಂಬಲು ನಾನು ತಯಾರಿರಲಿಲ್ಲ.

"ಮೇಜು ತಿರುಗ್ಸಿ ತೆಂಕ್ಲಿಗೆ ಕುಂತ್ಕಳ್ರಿ. ಬ್ಯಾಗ, ಕಬ್ಬಿಣ ಹೆಪ್ಪುಗಟ್ಟುತ್ತೆ" ಅಂದಳು ಹುಲಿಗೆಮ್ಮ. ಮೂಸೆಯಲ್ಲಿ ಕಬ್ಬಿಣ ಹೆಚ್ಚೆಂದರೆ ಐದಾರು ನಿಮಿಷ ನೀರಾಗಿರುತ್ತದೆ.

"ತಿರುಗಿಸ್ತೀವಿ, ತಡಿ" ಎಂದು ಎಡಗೈಯಲ್ಲಿ ಗುಂಡಿ ಒತ್ತಿ ಹೇಳಿದೆ. ಗಾಬರಿಯಲ್ಲಿ ಒತ್ತಿದ ಬೆರಳು ತೆಗೆಯಲಿಲ್ಲ. ಧಣಿಗಳು ಮೇಜಿನ ಆ ತುದಿ ಹಿಡಿದರು. "ನೀನು ಈ ತುದಿ ಎತ್ತು ಸಣ್ಣತಿಮ್ಮಪ್ಪ. ಎದೆಮಟ್ಟ ಎತ್ತಬೇಕು, ಕೆಳಗೆ ವೈರು ಅವೆ. ಎತ್ತು!"

ನಾನು ನಿಂತೇ ಇದ್ದೆ.

"ಏನಪ್ಪ, ಎತ್ತು ಅಂದ್ರೆ? ಹದಿನೆಂಟು ವರ್ಷ ಮೂಸೆ ಎತ್ತಿದೋನು ನೀನು!"

ಒಂಬತ್ತು ಜನ ನೋಡುತ್ತಿದ್ದಾರೆ. ಸುಳ್ಳು ಹೇಳಲು ಬಾಯಿ ತೆರೆದೆ. ಸೊಂಟ ಉಳುಕಿದೆ ಅನ್ನಬೇಕೆಂದಿದ್ದೆ. ಆದರೆ ಅಲ್ಲಿ ಆ ಮೂಸೆಯ ಕೆಳಗೆ ಸೆಟ್ಟು ಹಿಡಿದು ನಿಂತಿರುವವಳು ಯಾರು?

"ನನ್ನ ಬಲಗೈ ಮೇಲಕ್ಕೆ ಏಳಲ್ಲ ಧಣಿ" ಅಂದೆ. "ಆರು ತಿಂಗಳಾತು. ಮೂಸೆ ಅಲ್ಲ, ಚೊಂಬು ಎತ್ತಾಕೂ ಆಗಲ್ಲ. ಎಲ್ಲಾರ ಹತ್ರಾನೂ ಮುಚ್ಚಿಟ್ಟಿದ್ದೆ. ಗೇಟಿಗೆ ಕೂರಿಸಿಬಿಡ್ತೀರಿ ಅಂತ ಹೆದರಿಕೆ ಆಗಿತ್ತು."

ಹೇಳಿ ಮುಗಿಸಿ ಮೇಜಿನ ಕಡೆ ನೋಡಿದರೆ ನನ್ನ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಹಿರಿಯೂರಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಸ್ಪೀಕರಿನಲ್ಲಿ ಕೇಳಿಸಿದೆ! ಬೆಂಕಿ ಮುಟ್ಟಿದವನಂತೆ ಬೆರಳು ತೆಗೆದೆ.

ತೆಗೆದ ಕೂಡಲೇ ಅವಳ ದನಿ ಬಂತು.

"ಗೊತ್ತೈತೆ. ನಂಗೂ ಗೊತ್ತೈತೆ, ಸಣ್ಣಪ್ಪಗೂ ಗೊತ್ತೈತೆ, ಇಲ್ಲಿ ಎಲ್ಲಾರಿಗೂ ಗೊತ್ತೈತೆ. ದೀಪಾವಳಿಯಿಂದ ನಿಮ್ಮ ಭಾರ ಎಲ್ಲಾರೂ ಹಂಚ್ಕಂಡು ಎತ್ತಾವರೆ. ನೀವು ಹೇಳ್ಲಿ ಅಂತ ಕಾಯ್ತಿದ್ವಿ. ಈಗ ಯಾರಾದ್ರೂ ಎರಡು ಕೈ ಇರೋರಿಗೆ ಆ ಮೇಜು ಎತ್ತಾಕೆ ಹೇಳ್ರಿ!"

ಕೋಟಿನವರೊಬ್ಬರು ತಟ್ಟನೆ ಎದ್ದರು. ನಾನು ಹೇಳಬೇಕಾಗಲಿಲ್ಲ. ಕೋಟು ಬಿಚ್ಚಿ ಕುರ್ಚಿಗೆ ಎಸೆದು, ಆ ತುದಿಗೆ ಇನ್ನೊಬ್ಬರನ್ನು ಕರೆದು, "ಅಮ್ಮಾವರು ಹೇಳಿದ ಮೇಲೆ ಆಯಿತಲ್ಲ" ಎನ್ನುತ್ತ ಮೇಜೆತ್ತಿ ತಿರುಗಿಸಿದರು. ಅಧಿಕಾರಿಗಳಿಗೆ ನನ್ನ ಬೆನ್ನು, ನನಗೆ ತೆಂಕಲು.

"ಮೂಡ್ಲಿಗೆ" ಅಂದಳು. ತಳ್ಳಿದೆ. "ಹಾಂ, ಈಗ ಸರಿ. ಇನ್ನೂ. ಇನ್ನೂ ಒಂದು ಮೊಳ. ನಿಲ್ಸ್ರಿ. ತೆಂಕ್ಲಿಗೆ ಬಗ್ಗಿಸ್ರಿ. ಹುಯ್ಯಿರಿ. ಹುಯ್ಯಿರಿ. ಸಾಕು."

ಹೀಗೇ ಒಂದೊಂದಾಗಿ ಆರರಲ್ಲಿ ಐದು ಅಚ್ಚು ತುಂಬಿದವು. ಆರನೆಯದಕ್ಕೆ ಕಬ್ಬಿಣ ಹೆಪ್ಪಾಗಿತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ಮಂಜಾಗಿ ಏನೂ ಕಾಣಿಸಲಿಲ್ಲ. ದೀಪಾವಳಿಯಿಂದ! ನಾನು ಸಣ್ಣಪ್ಪನಿಗೆ ಏನೆಲ್ಲ ಬೈದಿದ್ದೇನೆ ಈ ಡೈರಿಯಲ್ಲಿ. ಹಿಂದಿನ ಹಾಳೆ ಹರಿಯೋಣವೆನಿಸಿತು. ಹರಿದಿಲ್ಲ.

೧೧ ಫೆಬ್ರವರಿ, ಶನಿವಾರ

ಮನೆಗೆ ಬಂದೆ. ಅವಳು ಒಲೆಯ ಮುಂದೆ ಇದ್ದಳು. ಇಬ್ಬರೂ ಮುಖ ನೋಡಿಕೊಂಡೆವು. ಎದುರುಬದುರು ಮಾತಾಡುವ ಅಭ್ಯಾಸ ತಪ್ಪಿಹೋಗಿದೆ. ಅವಳು ಅಂಗಳದ ಕಡೆ ತಿರುಗಿ ಬಾಯಿ ತೆರೆದಳು. ನಾನು ಮೊದಲೇ ಹೋಗಿ ಮೇಕೆಯನ್ನು ಹಿತ್ತಲಿಗೆ ಕಟ್ಟಿ ಬಂದಿದ್ದೆ.

"ಮುದ್ದೆ ಆಗೈತೆ" ಎಂದು ನನಗೇ ಹೇಳಿದಳು.

೧೫ ಫೆಬ್ರವರಿ, ಬುಧವಾರ

ಅಧಿಕಾರಿಗಳು ಬರೆದು ಕಳಿಸಿದ್ದಾರೆ. ಯಂತ್ರ ಬಹಳ ಚೆನ್ನಾಗಿದೆ, ಆದರೆ ಇಪ್ಪತ್ತೈದು ಮೈಲಿ ದೂರದಿಂದ ಆಡಿಸುವ ಅಗತ್ಯ ಸದ್ಯಕ್ಕೆ ಕಾಣದು. ನಾನು ಮೊದಲ ದಿನವೇ ಕೇಳಿದ್ದು ಇದನ್ನೇ ಅಲ್ಲವೇ? ಬೋರಣ್ಣನ ಮುಖ ಬಾಡಿತು. ವೈರ್‌ಲೆಸ್ ಸಾಮಾನನ್ನೆಲ್ಲ ಕಟ್ಟಿಕೊಂಡು ಬೆಂಗಳೂರಿಗೆ ಹೊರಟ. ಕಬ್ಬಿಣದ ಕೈಯನ್ನು ಇಲ್ಲೇ ಬಿಟ್ಟು, ಪೆಟ್ಟಿಗೆಗೆ ಹತ್ತು ಮಾರು ವೈರು ಎಳೆದುಕೊಟ್ಟ.

ಹೊರಡುವ ಮುಂಚೆ ಹುಲಿಗೆಮ್ಮನ ಹತ್ತಿರ ಹೋಗಿ ಕೈಮುಗಿದ. "ಮುಂದಿನ ಪೆಟ್ಟಿಗೆ ಮಾಡುವಾಗ ಮೊದಲು ನಿಮ್ಮನ್ನ ಕೇಳ್ತೀನಮ್ಮ" ಅಂದ. ಅವಳು ಅವನ ಕೈಗೆ ಹುರಿದ ಕಡಲೇಕಾಯಿಯ ಗಂಟು ಕೊಟ್ಟಳು. "ಉಣ್ಣಪ್ಪ, ಬಡಕಲಾಗಿದ್ದೀಯ" ಅಂದಳು. ನನಗೂ ಅವನು ಹೋದದ್ದು ಬೇಸರವೇ ಆಯಿತು.

೨೦ ಫೆಬ್ರವರಿ, ಸೋಮವಾರ

ಇವತ್ತಿನಿಂದ ನಾನು ಕಬ್ಬಿಣದ ಕೈಯ ಮೇಸ್ತ್ರಿ. ಧಣಿಗಳು ಗೇಟಿನ ಮಾತೆತ್ತಲಿಲ್ಲ. ಕುಲುಮೆಯಿಂದ ಹತ್ತು ಹೆಜ್ಜೆಗೆ ಮೇಜು ಹಾಕಿಸಿ, "ಈಗ ನಿನ್ನ ಕಣ್ಣಿಗೇ ಎಲ್ಲಾ ಕಾಣ್ತೈತೆ. ದಾರಿ ಹೇಳೋರು ಬೇಕಾಗಿಲ್ಲ. ಹುಲಿಗೆಮ್ಮ ಜರಡಿಗೆ ಹೋಗ್ಲಿ" ಅಂದರು. ನ್ಯಾಯವೇ. ಅವಳು ಹೋದಳು.

ಕಬ್ಬಿಣ ನೀರಾಯಿತು. ಕೈ ಮೂಸೆ ಹಿಡಿಯಿತು, ಎತ್ತಿತು. ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು: ಮೂಸೆ, ಅಚ್ಚು, ನಡುವಿನ ದಾರಿ. ತಳ್ಳಿದರೆ ಆಯಿತು. ನನ್ನ ಕೈ ಅಲ್ಲಾಡಲಿಲ್ಲ. ಸಣ್ಣಪ್ಪ, "ಏನ್ ಮೇಸ್ತ್ರಿ?" ಅಂದ. ಎಲ್ಲರೂ ಕೆಲಸ ಬಿಟ್ಟು ನೋಡತೊಡಗಿದರು.

"ಲೇ ಹುಲಿಗೆಮ್ಮ" ಎಂದು ಕೂಗಿದೆ. "ಯಾವ ಕಡೆ?"

ಮರಳಿನ ರಾಶಿಯ ಹಿಂದಿನಿಂದ ಅವಳು ತಲೆಯೆತ್ತಿದಳು. "ಕಣ್ಣು ಕಾಣಲ್ವಾ ನಿಮಗೆ?"

"ಕಾಣ್ತೈತೆ. ನೀನು ಬಂದು ಹೇಳು."

ಅವಳು ಜರಡಿ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಳು. ಅಚ್ಚಿನ ಕಡೆ ನೋಡಲಿಲ್ಲ. ನನ್ನ ಭುಜ ನೋಡಿದಳು. ಅಂಗಳದಲ್ಲಿ ಆ ಭಾನುವಾರ ಕೂತಿದ್ದ ಹೆಂಗಸರೂ ಅಲ್ಲೇ ಇದ್ದರು, ಮೂವತ್ತು ಜನ ಗಂಡಸರೂ ಇದ್ದರು.

"ನೋಯ್ತೈತಾ?" ಅಂದಳು.

"ನೋಯ್ತೈತೆ" ಅಂದೆ. "ಬಾಳ ನೋಯ್ತೈತೆ."

"ಸಂಜೆಗೆ ಮರಳು ಕಾಯಿಸಿ ಶಾಖ ಕೊಡ್ತೀನಿ. ಬರುವಾಗ ಒಂದು ಬೊಗಸೆ ಸಣ್ಣ ಮರಳು ಕೇಳ್ಕಂಡು ಬರ್ರಿ ಧಣೀನ. ಈಗ ಮೂಡ್ಲಿಗೆ ತಳ್ರಿ" ಎಂದಳು. ತಳ್ಳಿದೆ.

ಕೇಳಿದೆ. ಧಣಿಗಳು ಒಂದು ಮೂಟೆ ಮರಳು ಕೊಟ್ಟರು. ಸಣ್ಣಪ್ಪ ಹೊತ್ತುಕೊಂಡು ಬಂದು ಮನೆಗೆ ಹಾಕಿ ಹೋಗಿದ್ದಾನೆ.